ಒಳಗಿನಿಂದ ಬಿದ್ದ ಚಿಲಕ

“ಹನ್ನೊಂದನೇ ಸಲ,” ಎಂದಳು ನಾದಿನಿ. ಅವಳು ಎಂಟರ್ ಒತ್ತಿದ ರಭಸಕ್ಕೆ ಮೇಜಿನ ಮೇಲಿದ್ದ ನೀರಿನ ಲೋಟ ಅಲುಗಿತು.

ಪರದೆಯ ಮೇಲೆ ಸಾಲುಗಳು ಓಡಿದವು. ಎಣಿಕೆ ಏರುತ್ತ ಏರುತ್ತ ನೂರು ಮುಟ್ಟಿತು. ಅತ್ತಿಗೆ ಬಗ್ಗಿ ನೋಡಿದಳು. ಬೆಳಿಗ್ಗೆಯಿಂದ ಹತ್ತು ಸಲ ಬಂದಿದ್ದ ಉತ್ತರವೇ ಮತ್ತೆ ಬಂತು. ಈ ತುಂಡನ್ನು ಸರ್ವರ್‌ನಲ್ಲಿ ಇಡಲು ಅನುಮತಿ ಸಾಲದು. ಪುಶ್, ಅಂದರೆ ಸರ್ವರ್‌ಗೆ ಕೆಲಸ ಕಳಿಸುವುದು, ತಿರಸ್ಕೃತ.

“ಹಾಳಾಗಿ ಹೋಗಲಿ ಈ ಡಬ್ಬ!” ನಾದಿನಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. “ಇವತ್ತೇ ಇದಕ್ಕೆ ಹೀಗಾಗ್ಬೇಕಿತ್ತಾ?”

“ಕೂತ್ಕೋ.”

“ಕೂತು ಏನ್ಮಾಡ್ಲಿ ಅತ್ತಿಗೆ? ಆ ಕಾಗದಕ್ಕೆ ಸಹಿ ಹಾಕ್ಲಾ?”

ಆ ಕಾಗದ ಮೇಜಿನ ಇನ್ನೊಂದು ತುದಿಯಲ್ಲಿ, ಗಾಳಿಗೆ ಹಾರದಂತೆ ಸ್ಟೇಪ್ಲರ್‌ನ ಅಡಿಯಲ್ಲಿತ್ತು. ಬರೀ ಆರು ಸಾಲು. ಮಂಗಳವಾರ ಹನ್ನೊಂದೂ ಇಪ್ಪತ್ತಕ್ಕೆ ಆಸ್ಪತ್ರೆಯ ಲಿಫ್ಟು ಬಾಗಿಲು ತೆರೆದಿರುವಾಗಲೇ ಮೇಲಕ್ಕೆ ಹೊರಟು ಒಬ್ಬ ನರ್ಸಿನ ಕಾಲು ಜಜ್ಜಿದ್ದಕ್ಕೆ ನಾನೇ ಕಾರಣ, ಹಿಂದಿನ ದಿನ ಲಿಫ್ಟಿನ ಕೋಡಿನಲ್ಲಿ ಯಾರನ್ನೂ ಕೇಳದೆ ಒಂದು ಸಂಖ್ಯೆ ಬದಲಿಸಿದವಳು ನಾನೇ, ಎಂದು ಅದರಲ್ಲಿ ನಾದಿನಿಯ ಪರವಾಗಿ ಬೇರೆ ಯಾರೋ ಬರೆದಿದ್ದರು. ಮೂರು ಗಂಟೆಗೆ ಲಿಫ್ಟ್ ಇನ್‌ಸ್ಪೆಕ್ಟರು ಬರುತ್ತಾರೆ. ಬಂದಾಗ ಅದು ಸಹಿಯಾಗಿ ಸಿದ್ಧವಿರಬೇಕು.

ಸಹಿ ಹಾಕಿದರೆ ಪೊಲೀಸ್ ಕೇಸು. ಇನ್ನು ಜೀವಮಾನದಲ್ಲಿ ಯಾವ ಯಂತ್ರಕ್ಕೂ ಒಂದು ಸಾಲು ಕೋಡ್ ಬರೆಯಲು ಯಾರೂ ಅವಳನ್ನು ಬಿಡುವುದಿಲ್ಲ.

ಈಗ ಗಂಟೆ ಒಂದೂ ನಲವತ್ತು.

ಅತ್ತಿಗೆ ಎಂದರೆ ನಾದಿನಿಗೆ ಮಾತ್ರ ಅತ್ತಿಗೆ, ಅವಳ ಅಣ್ಣನ ಹೆಂಡತಿ. ಆದರೆ ನಾದಿನಿಯ ನೆರವಿಗೆ ಬಂದ ಎರಡು ದಿನದಿಂದ ಈ ಲಿಫ್ಟ್ ಕಂಪನಿಯಲ್ಲಿ ಕಾವಲುಗಾರನಿಂದ ಹಿಡಿದು ಯಜಮಾನರವರೆಗೆ ಎಲ್ಲರ ಬಾಯಲ್ಲೂ ಅವಳಿಗೆ ಅದೇ ಹೆಸರಾಗಿಬಿಟ್ಟಿತ್ತು. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ. ಬಾಯ್ಲರ್ ಸಿಡಿದರೆ, ಕ್ರೇನ್ ಉರುಳಿದರೆ, ಯಾಕೆ ಎಂದು ಹುಡುಕುವುದು. ಕಂಪ್ಯೂಟರಿನ ಕೋಡು ಅವಳಿಗೆ ಅಷ್ಟಕ್ಕಷ್ಟೆ. ಮನುಷ್ಯರು ಯಂತ್ರದ ಮೇಲೆ ಗೂಬೆ ಕೂರಿಸುವ ರೀತಿ, ಯಂತ್ರ ಸಿಗದಿದ್ದರೆ ಪಕ್ಕದಲ್ಲಿದ್ದವರ ಮೇಲೆ ಕೂರಿಸುವ ರೀತಿ ಮಾತ್ರ ಚೆನ್ನಾಗಿ ಗೊತ್ತು.

ಬಾಗಿಲು ತಟ್ಟದೆ ಯಜಮಾನರು ಒಳಗೆ ಬಂದರು.

“ಆಯ್ತಾ?”

“ಇಲ್ಲ ಸಾರ್. ಮತ್ತೆ ಅದೇ—”

“ಮತ್ತೆ ಅದೇ.” ಅವರು ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ. “ನೀನೇ ಹೇಳಿದೆ. ‘ಲಿಫ್ಟಿಗೆ ನಿಜವಾದ ತೊಂದರೆ ಬೇರೆ ಇದೆ, ಅದಕ್ಕೆ ಮದ್ದು ಬರೆದಿದ್ದೀನಿ, ಸರ್ವರ್‌ಗೆ ಸೇರಿಸಿ ತೋರಿಸ್ತೀನಿ’ ಅಂತ. ಒಂದು ದಿನ ಕೊಟ್ಟೆ. ಬೆಳಿಗ್ಗೆಯಿಂದ ಇಲ್ಲಿ ಆರು ಜನ ತಮ್ಮ ತಮ್ಮ ಕೆಲಸ ಸರ್ವರ್‌ಗೆ ಕಳಿಸಿದ್ದಾರೆ. ಆರೂ ಹೋಗಿದೆ. ನಿಂದೊಂದೇ ಹೋಗಲ್ವಾ? ಸರ್ವರ್‌ಗೆ ನಿನ್ನ ಕಂಡರೆ ಆಗಲ್ವಾ?”

“ನಾನು ಸುಳ್ಳು ಹೇಳ್ತಿಲ್ಲ ಸಾರ್.”

“ಆ ನರ್ಸ್ ಹುಡುಗಿ ಇನ್ನು ನಡೆಯೋದು ಅನುಮಾನ ಅಂದಿದ್ದಾರೆ ಡಾಕ್ಟರು. ನನ್ನ ಕೈಯಾರೆ ಕೂರಿಸಿದ ಲಿಫ್ಟು ಅದು, ಗೊತ್ತಾ?” ಅವರು ಬಾಗಿಲ ಹಿಡಿ ಹಿಡಿದರು. “ನಿನ್ನನ್ನ ಮನೆ ಮಗಳ ಥರ ನೋಡಿದೆ. ಮೂರು ಗಂಟೆ.”

ಬಾಗಿಲು ದಡಾರನೆ ಮುಚ್ಚಿತು.

ಅತ್ತಿಗೆ ಆ ಬಾಗಿಲನ್ನೇ ನೋಡುತ್ತ ಕೂತಳು. ಈ ಮನುಷ್ಯನ ಸಿಟ್ಟು ನಾಟಕದ್ದಲ್ಲ. ಅವರು ನಿಜವಾಗಿಯೂ ನಂಬಿದ್ದಾರೆ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಸುಳ್ಳನನ್ನಾದರೂ ಹಿಡಿಯಬಹುದು. ನಂಬಿ ಕೂತವರನ್ನು ಅಲ್ಲಾಡಿಸುವುದು ಕಷ್ಟ.

“ಅವರು ಅಂದಿದ್ದು ನಿಜವಾ? ಆರು ಜನರದ್ದೂ ಹೋಯ್ತಾ?”

“ಹೋಯ್ತು. ಅದೇ ಅಲ್ವಾ ನನಗೆ ತಲೆ ಕೆಟ್ಟಿರೋದು!”

“ನಿನ್ನದು ಯಾವತ್ತಿನಿಂದ ಹೋಗ್ತಿಲ್ಲ?”

“ನಿನ್ನೆಯಿಂದ. ಸೋಮವಾರದವರೆಗೂ ಸಲೀಸಾಗಿ ಹೋಗ್ತಿತ್ತು.”

“ಬೇರೆ ಏನಾದ್ರೂ ಕಳಿಸಿ ನೋಡಿದ್ಯಾ? ಈ ಮದ್ದು ಬಿಟ್ಟು?”

ನಾದಿನಿ ಅವಳನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಕೂತಳು. ಒಂದು ಖಾಲಿ ಫೈಲಿನಲ್ಲಿ ‘ನಮಸ್ಕಾರ’ ಎಂದು ಬರೆದಳು, ಪ್ರಯೋಗಕ್ಕೆಂದೇ ಇಟ್ಟಿದ್ದ ಪಕ್ಕದ ಬ್ರಾಂಚಿಗೆ, ಅಂದರೆ ಕೋಡಿನ ಒಂದು ಕವಲಿಗೆ, ಕಳಿಸಿದಳು.

ಹೋಯಿತು.

ಇಬ್ಬರೂ ಪರದೆಯನ್ನೇ ನೋಡಿದರು.

“ಅಂದ್ರೆ ಸರ್ವರ್‌ಗೆ ನಿನ್ನ ಮೇಲೆ ಸಿಟ್ಟಿಲ್ಲ,” ಎಂದಳು ಅತ್ತಿಗೆ. “ನಿನ್ನ ಈ ಒಂದು ಕೆಲಸದ ಮೇಲೆ ಸಿಟ್ಟು. ಅದು ನಿನ್ನ ಕೆಲಸವನ್ನ ಹೇಗೆ ಇಟ್ಕೊಳ್ಳತ್ತೆ? ಬಾಯ್ಲರ್ ಬಿಚ್ಚಿ ತೋರಿಸ್ದಂಗೆ ಹೇಳು.”

ನಾದಿನಿ ಒಂದು ಹಾಳೆ ಎಳೆದುಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೆ ಮಾತು ಸ್ಪಷ್ಟವಾಯಿತು. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಎಂಬ ತಂತ್ರಾಂಶ ಪ್ರತಿ ಫೈಲನ್ನೂ ಓದಿ ಅದಕ್ಕೊಂದು ಬೆರಳಚ್ಚು ಲೆಕ್ಕ ಹಾಕುತ್ತದೆ, ನಲವತ್ತು ಅಕ್ಷರದ್ದು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಬೆರಳಚ್ಚಿನ ಮೊದಲ ಎರಡು ಅಕ್ಷರ ನೋಡಿ, ಸರ್ವರ್‌ನಲ್ಲಿ ಅದೇ ಹೆಸರಿನ ಫೋಲ್ಡರಿನೊಳಗೆ ಆ ತುಂಡನ್ನು ಇಡುತ್ತದೆ. ಹೆಚ್ಚೆಂದರೆ ಇನ್ನೂರ ಐವತ್ತಾರು ಫೋಲ್ಡರು.

“ಅಂಚೆ ಕಚೇರಿಯ ಗೂಡುಗಳ ಥರ,” ಎಂದಳು ಅತ್ತಿಗೆ.

“ಹೂಂ, ಹಾಗೇ.”

“ಒಂದೇ ಫೈಲನ್ನ ನೂರು ಸಲ ಕಳಿಸಿದ್ರೂ?”

“ಅದೇ ಬೆರಳಚ್ಚು. ಅದೇ ಗೂಡು.” ನಾದಿನಿಯ ಪೆನ್ನು ನಿಂತಿತು. “ಅದೇ ಗೂಡು!”

“ಇನ್ನೂರ ಐವತ್ತಾರು ಗೂಡಲ್ಲಿ ಒಂದೆರಡಕ್ಕೆ ಮಾತ್ರ ಯಾರೋ ಚಿಲಕ ಹಾಕಿದ್ರೆ ಏನಾಗತ್ತೆ?”

“ಬೇರೆಯವರಿಗೆ ಗೊತ್ತೇ ಆಗಲ್ಲ. ಅವರ ತುಂಡುಗಳು ಆ ಗೂಡಿಗೆ ಬಿದ್ದಿರಲ್ಲ. ನಂದು ಬಿದ್ದಿದೆ. ಎಷ್ಟು ಸಲ ಕಳಿಸಿದ್ರೂ ಅಲ್ಲಿಗೇ ಹೋಗಿ ತಲೆ ಚಚ್ಕೊಳ್ತಿದೆ.” ಅವಳು ಆಗಲೇ ಟೈಪ್ ಮಾಡುತ್ತಿದ್ದಳು. “ನನ್ನ ಮದ್ದಿರೋ ಬಾಗಿಲಿನ ಫೈಲಿನ ಕೊನೇಲಿ ಒಂದು ಖಾಲಿ ಸಾಲು ಸೇರಿಸ್ತೀನಿ. ಕೆಲಸ ಅದೇ. ಬೆರಳಚ್ಚು ಬೇರೆ.”

ಎಂಟರ್ ಒತ್ತಿದಳು. ಸಾಲುಗಳು ಓಡಿದವು.

ಹೋಯಿತು.

ನಾದಿನಿಯ ಬಾಯಿಂದ ನಗುವೋ ಅಳುವೋ ತಿಳಿಯದಂಥದ್ದೊಂದು ಸದ್ದು ಬಂತು. “ಎರಡು ದಿನ ಅತ್ತಿಗೆ! ಒಂದು ಖಾಲಿ ಸಾಲಿಗೋಸ್ಕರ ಎರಡು ದಿನ ಬೈಸ್ಕೊಂಡೆ! ಬನ್ನಿ, ಯಜಮಾನರಿಗೆ ತೋರಿಸೋಣ.”

“ಏನು ತೋರಿಸ್ತೀಯ?” ಅತ್ತಿಗೆ ಏಳಲಿಲ್ಲ. “ಮದ್ದು ಸೇರಿಸಿದೆ ಅಂತ ತೋರಿಸ್ತೀಯ. ಸೋಮವಾರದ ಬದಲಾವಣೆ ನಿನ್ನ ಹೆಸರಲ್ಲೇ ಇದೆಯಲ್ಲ, ಅದಕ್ಕೇನು ಹೇಳ್ತೀಯ? ತಪ್ಪು ಮಾಡಿ ಆಮೇಲೆ ಮದ್ದು ತಂದಳು ಅಂತಾರೆ. ಹೋಗಿದ್ದು ಬಿಡು. ಯಾಕೆ ಹೋಗ್ತಿರಲಿಲ್ಲ? ಆ ಚಿಲಕ ಯಾರು ಹಾಕಿದ್ದು, ಯಾವತ್ತು ಹಾಕಿದ್ದು?”

ನಾದಿನಿಯ ನಗು ಇಳಿಯಿತು.

*

ಸರ್ವರ್ ಕೋಣೆ ಮೆಟ್ಟಿಲಿನ ಕೆಳಗಿತ್ತು. ಮೊದಲು ಅದು ಪೊರಕೆ ಬಕೆಟ್ಟು ಇಡುವ ಜಾಗವಾಗಿದ್ದಿರಬೇಕು. ಗೋಡೆಗೆ ಒರಗಿಸಿದ್ದ ಹಳೆಯ ಲಿಫ್ಟ್ ಬಾಗಿಲೊಂದರ ಪಕ್ಕ ಕಬ್ಬಿಣದ ಕಪಾಟು, ಅದರ ನಡುವಿನ ಹಲಗೆಯ ಮೇಲೆ ಧೂಳು ಹಿಡಿದ ಯಂತ್ರ, ಅದಕ್ಕೆ ಅಂಟಿಸಿದ ಚೀಟಿ: ‘ಆಫ್ ಮಾಡಬೇಡಿ.’ ಎದುರಿಗೆ ಒಂದು ಸ್ಟೂಲು.

ಸ್ಟೂಲಿನ ಮೇಲೆ ಕೂತವನನ್ನು ಎಲ್ಲರೂ ಕರೆಯುತ್ತಿದ್ದದ್ದು ಬೀಗದಕೈ ಎಂದು. ಕಂಪನಿಯ ಸರ್ವರು, ಕಪಾಟು, ಗೇಟು, ಎಲ್ಲದರ ಉಸ್ತುವಾರಿ ಅವನದು. ಸೊಂಟದ ಗೊಂಚಲು ಅವನು ಬರುವುದಕ್ಕೆ ಮೊದಲೇ ಬಂದು ಸುದ್ದಿ ಹೇಳುತ್ತಿತ್ತು.

“ಏನು ಅತ್ತಿಗೆಯೋರೆ, ಇಷ್ಟು ದೂರ?”

“ನಿಮ್ಮಣ್ಣನ್ನ ನಾನು ಮದುವೆಯಾಗಿಲ್ಲ,” ಎಂದಳು ಅತ್ತಿಗೆ. “ಮೇಡಂ ಅನ್ನಿ ಸಾಕು.”

ಹಲ್ಲು ಕಿರಿದವನು ಬಾಯಿ ಮುಚ್ಚಿದ.

“ನಮ್ಮ ಹುಡುಗಿಯ ಪುಶ್ ಹೋಗ್ತಿಲ್ಲ ಅಂತ ನಿನ್ನೆ ನಿಮಗೆ ಹೇಳಿದ್ಳಂತೆ.”

“ಹೇಳಿದ್ರು. ಕೆಲಸ ಇತ್ತು ಮೇಡಂ. ನೋಡೋಣ ಅಂದೆ.”

“ಈಗ ಹೋಯ್ತು.”

“ಹೋಯ್ತಾ?” ಅವನು ಸ್ಟೂಲಿನಲ್ಲಿ ನೆಟ್ಟಗಾದ. “ಹೇಗೆ ಹೋಯ್ತು?”

ನಾದಿನಿ ಒಂದೇ ಉಸಿರಿಗೆ ಹೇಳಿದಳು. ಗೂಡು, ಬೆರಳಚ್ಚು, ಖಾಲಿ ಸಾಲು. ಬೀಗದಕೈಯ ಮುಖದಲ್ಲಿ ಅರ್ಥವಾದ ಲಕ್ಷಣ ಬಹಳ ಬೇಗ ಬಂತು. ಅಷ್ಟು ಬೇಗ ಬರಬಾರದಿತ್ತು ಎಂದು ಅತ್ತಿಗೆಗೆ ಅನಿಸಿತು.

“ಅಯ್ಯೋ, ಅಷ್ಟೇನಾ! ಕೆಲವು ಫೋಲ್ಡರಿನ ಒಡೆತನ ಏರುಪೇರಾಗಿರತ್ತೆ. ಒಂದೇ ಸಾಲಿನ ಆಜ್ಞೆ. ಎಲ್ಲ ಫೋಲ್ಡರನ್ನೂ ಒಂದೇ ಸಲ ಗಿಟ್ ಖಾತೆಯ ಹೆಸರಿಗೆ ಬರೆದುಬಿಡ್ತೀನಿ. ಮತ್ತೆ ಈ ಕಾಟ ಇರಲ್ಲ.” ಹೇಳುತ್ತಲೇ ಬೆರಳು ಓಡಿದವು.

“ಕೈ ತೆಗೀರಿ.”

“ಒಂದು ನಿಮಿಷ ಮೇಡಂ, ಮುಗಿದೇ—”

“ಕೈ ತೆಗೀರಿ ಅಂದೆ!”

ಮೆಟ್ಟಿಲಿನ ಮೇಲೆ ಹೋಗುತ್ತಿದ್ದ ಯಾರದೋ ಹೆಜ್ಜೆ ನಿಂತಿತು. ನಾದಿನಿಯೂ ಬೆಚ್ಚಿದಳು. ಇಪ್ಪತ್ತು ವರ್ಷದಲ್ಲಿ ಅತ್ತಿಗೆ ಹೀಗೆ ಕಿರುಚಿದ್ದನ್ನು ಅವಳು ಕೇಳಿರಲಿಲ್ಲ.

ಬೀಗದಕೈ ಎರಡೂ ಕೈ ಮೇಲೆತ್ತಿದ. “ಇದೇನ್ರೀ ಇದು! ಪುಶ್ ಹೋಗಲ್ಲ ಅಂತ ನೀವೇ ಗೋಳಾಡಿದ್ದು. ಸರಿ ಮಾಡ್ತೀನಿ ಅಂದ್ರೆ ಮೈಮೇಲೆ ಬರ್ತೀರಲ್ಲ?”

“ಹೋಗ್ತಿರಲಿಲ್ಲ ಆಗ, ಎರಡು ದಿನ ನಿಮಗೆ ಪುರುಸೊತ್ತಿರಲಿಲ್ಲ. ಈಗ ಹೋಗಿದೆ, ಈಗ ನಿಮಗೆ ಒಂದು ನಿಮಿಷ ತಡೆಯೋಕಾಗಲ್ಲ. ಯಾಕೆ?”

ಅವನು ಸ್ಟೂಲಿನಲ್ಲೇ ಹೊರಳಿದ. ಗೊಂಚಲು ಕಿಣಿ ಎಂದಿತು.

“ಟೈಪ್ ಮಾಡಿದ್ದನ್ನ ಅಳಿಸಿ. ಮೊದಲು ಆ ಫೋಲ್ಡರುಗಳ ಪಟ್ಟಿ ತೋರಿಸಿ. ಯಾರ ಒಡೆತನ, ಯಾವತ್ತು ಹುಟ್ಟಿದ್ದು, ಎಲ್ಲಾ. ನೀನು ಫೋಟೋ ತೆಗಿ,” ಎಂದಳು ನಾದಿನಿಗೆ.

ಪಟ್ಟಿ ಬಂತು. ಉದ್ದದ ಪಟ್ಟಿ. ಸಾಲು ಸಾಲಾಗಿ ಒಂದೇ ಒಡೆಯ, ಗಿಟ್ ಖಾತೆ. ಯಾರು ತಮ್ಮ ಮೇಜಿನಿಂದ ಕೆಲಸ ಕಳಿಸಿದರೂ ಆ ಖಾತೆಯ ಬಾಗಿಲಿನಿಂದಲೇ ಒಳಗೆ ಬರಬೇಕು. ಅತ್ತಿಗೆ ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ನಾದಿನಿಯ ಉಸಿರು ಕಿವಿಯ ಹತ್ತಿರವೇ ಕೇಳಿಸುತ್ತಿತ್ತು.

“ಇಲ್ಲಿ,” ಎಂದಳು ನಾದಿನಿ. “ಇದು ರೂಟ್.”

ಇನ್ನಷ್ಟು ಕೆಳಗೆ ಇನ್ನೊಂದು. ಆಮೇಲೆ ಇನ್ನೆರಡು.

ನಾಲ್ಕು ಫೋಲ್ಡರು. ನಾಲ್ಕಕ್ಕೂ ಒಡೆಯ ರೂಟ್, ಅಂದರೆ ಯಂತ್ರದ ಸರ್ವಾಧಿಕಾರಿ. ನಾಲ್ಕೂ ಹುಟ್ಟಿದ್ದು ಒಂದೇ ನಿಮಿಷ. ಮಂಗಳವಾರ, ಸಂಜೆ ನಾಲ್ಕೂ ಐವತ್ತೆರಡು.

“ರೂಟ್ ಯಾರು?” ಎಂದಳು ಅತ್ತಿಗೆ.

“ಇವರೇ,” ನಾದಿನಿ ಹಲ್ಲು ಕಚ್ಚಿ ಬೀಗದಕೈಯತ್ತ ತೋರಿಸಿದಳು. “ನೀರು ಕುಡಿಯೋಕೂ ರೂಟ್ ಆಗೇ ಹೋಗೋ ಮನುಷ್ಯ. ಎಷ್ಟು ಸಲ ಹೇಳಿದ್ದೀನಿ, ಆ ಹಕ್ಕಿಟ್ಕೊಂಡು ನಮ್ಮ ಫೈಲು ಮುಟ್ಟಬೇಡಿ ಅಂತ!”

“ನಾನು ಮುಟ್ಟಿಲ್ಲ! ಮಂಗಳವಾರ ಸಂಜೆ ನಾನು ಇಲ್ಲಿರಲೇ ಇಲ್ಲ. ಆಸ್ಪತ್ರೆಯಲ್ಲಿದ್ದೆ, ಯಜಮಾನರ ಜೊತೆ. ಬೇಕಿದ್ರೆ ಅವರನ್ನೇ ಕೇಳಿ.”

“ಹಾಗಾದ್ರೆ ಈಗ ಅಳಿಸೋಕೆ ಹೊರಟಿದ್ದು ಯಾಕೆ?”

ಅವನ ಮುಖ ಕೆಂಪಾಯಿತು. “ಯಾಕೆ ಅಂದ್ರೆ... ರೂಟ್ ಹೆಸರು ಕಂಡ್ರೆ ಎಲ್ಲರೂ ನನ್ನ ತಲೆಗೇ ಕಟ್ತಾರೆ ಅಂತ! ಈಗ ಕಟ್ತಾ ಇದ್ದೀರಲ್ಲ, ಹಾಗೆ! ನಿನ್ನೆಯೇ ನೋಡಿದೆ. ಹೆದರಿಕೆ ಆಯ್ತು. ಬಿಟ್ಟುಬಿಟ್ಟೆ.”

“ನೋಡಿ ಸುಮ್ಮನಿದ್ರಾ?” ನಾದಿನಿಯ ದನಿ ಒಡೆಯಿತು. “ನಾನು ಅಲ್ಲಿ ಸಾಯ್ತಾ ಇದ್ದೀನಿ, ನೀವು ನಿನ್ನೆಯೇ ನೋಡಿದ್ರಾ?”

ಅವನು ನೆಲ ನೋಡಿದ.

“ರೂಟ್ ಆಗೋಕೆ ಗುಪ್ತಪದ ಯಾರ್ಯಾರ ಹತ್ರ ಇದೆ?” ಅತ್ತಿಗೆ ಬಿಡಲಿಲ್ಲ.

“ನನ್ನ ಹತ್ರ. ಯಜಮಾನರ ಡ್ರಾಯರಿನಲ್ಲಿ ಒಂದು ಲಕೋಟೆ. ಅಷ್ಟೇ. ಆದ್ರೆ...” ಅವನು ಪರದೆಯತ್ತ ಗಲ್ಲ ಎತ್ತಿದ. “ಇಲ್ಲಿ ಬಂದು ಕೂತರೆ ಗುಪ್ತಪದ ಬೇಕಿಲ್ಲ. ನಾನು ಲಾಗೌಟ್ ಮಾಡಲ್ಲ.”

“ಯಾವತ್ತೂ?”

“ಯಾಕೆ ಮಾಡ್ಬೇಕು ಮೇಡಂ? ಕೋಣೆಗೇ ಬೀಗ ಇದೆಯಲ್ಲ.”

“ಮಂಗಳವಾರ ಸಂಜೆ ಇತ್ತಾ ಬೀಗ?”

ಅವನು ಬಾಗಿಲಿನತ್ತ ನೋಡಿದ. “ಫೋನ್ ಬಂದ ತಕ್ಷಣ ಓಡಿದ್ವಿ. ಹಾಕಿದ್ನೋ ಇಲ್ವೋ, ನಿಜವಾಗ್ಲೂ ನೆನಪಿಲ್ಲ.”

ಅತ್ತಿಗೆಗೆ ಸಿಟ್ಟು ನೆತ್ತಿಗೇರಿದರೆ ಮಾತು ಮೆತ್ತಗಾಗುತ್ತದೆ, ಬಹುವಚನ ಇನ್ನಷ್ಟು ಬಹುವಚನವಾಗುತ್ತದೆ. “ದಯವಿಟ್ಟು ತಾವು ಎದ್ದು ಹೋಗಿ ಯಜಮಾನರನ್ನ ಕರ್ಕೊಂಡು ಬರ್ತೀರಾ?” ಎಂದಳು. “ತಾವು ಬರೋವರೆಗೂ ಈ ಯಂತ್ರವನ್ನ ನಾವು ಮುಟ್ಟೋದಿಲ್ಲ.”

ಅವನು ಹೋದ. ಗೊಂಚಲಿನ ಸದ್ದು ಮೆಟ್ಟಿಲು ಹತ್ತಿತು.

“ನಾಲ್ಕೇ ಯಾಕೆ?” ಎಂದಳು ಅತ್ತಿಗೆ.

ನಾದಿನಿ ಪಟ್ಟಿಯನ್ನೇ ನೋಡುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು. “ಒಂದು ಬದಲಾವಣೆ ಅಂದ್ರೆ ನಾಲ್ಕು ತುಂಡು ಅತ್ತಿಗೆ. ಬದಲಾದ ಫೈಲು. ಅದಿರೋ ಫೋಲ್ಡರಿನ ಪಟ್ಟಿ. ಅದರ ಮೇಲಿನ ದೊಡ್ಡ ಪಟ್ಟಿ. ಆಮೇಲೆ ಕಮಿಟ್, ಅಂದ್ರೆ ಯಾರು ಯಾವಾಗ ಯಾಕೆ ಬದಲಿಸಿದ್ರು ಅನ್ನೋ ಚೀಟಿ.” ಅವಳು ತನ್ನ ಲ್ಯಾಪ್‌ಟಾಪ್ ತೆರೆದಳು. “ನನ್ನ ಹೆಸರಿನ ಸೋಮವಾರದ ಬದಲಾವಣೆ ಕೂಡ ಒಂದೇ ಫೈಲು. ಒಂದೇ ಸಂಖ್ಯೆ. ಅದರ ನಾಲ್ಕು ಬೆರಳಚ್ಚು...”

ಅವಳು ಓದಿದಳು. ಅತ್ತಿಗೆ ಪಟ್ಟಿಯ ಮೇಲೆ ಬೆರಳಿಟ್ಟಳು. ಮೊದಲ ಎರಡು ಅಕ್ಷರ ಹೊಂದಿತು. ಎರಡನೆಯದೂ ಹೊಂದಿತು. ಮೂರನೆಯದು. ನಾಲ್ಕನೆಯದು.

ನಾದಿನಿ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

*

ಎರಡೂ ಮೂವತ್ತೈದು. ಆ ಪುಟ್ಟ ಕೋಣೆಯಲ್ಲಿ ನಾಲ್ಕು ಜನ ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತಿತ್ತು.

ಯಜಮಾನರು ಫೋಟೋ ನೋಡಿದರು, ಪಟ್ಟಿ ನೋಡಿದರು. “ನನಗಿದೆಲ್ಲ ಅರ್ಥವಾಗಲ್ಲ. ನನಗೆ ಕಾಣೋದು ಇಷ್ಟೇ. ಬದಲಾವಣೆಗಳ ಪಟ್ಟಿಯಲ್ಲಿ ಇವಳ ಹೆಸರಿದೆ. ಸೋಮವಾರ ಸಂಜೆ ಐದೂ ನಲವತ್ತು ಅಂತಿದೆ. ಬಾಗಿಲು ಮುಚ್ಚಿದೆ ಅಂತ ಖಾತ್ರಿ ಮಾಡ್ಕೊಳ್ಳೋಕೆ ಲಿಫ್ಟು ಕಾಯೋ ಹೊತ್ತು ಎಂಟುನೂರು ಮಿಲಿಸೆಕೆಂಡ್ ಇದ್ದದ್ದು ಎಂಬತ್ತಾಗಿದೆ.”

“ಆ ಪಟ್ಟಿ ಬರೆಯೋದು ಯಾರು?” ಅತ್ತಿಗೆ ಕೇಳಿದಳು.

“ಗಿಟ್ ಬರೆಯತ್ತೆ. ತಾನಾಗೇ,” ಎಂದರು ಯಜಮಾನರು.

“ಹೇಳಿಕೊಟ್ಟದ್ದನ್ನ ಬರೆಯತ್ತೆ. ನೀನು ಹೇಳು.”

ನಾದಿನಿ ಮುಂದೆ ಬಂದಳು. “ಸಾರ್, ಕಮಿಟ್ ಮಾಡೋವಾಗ ‘ಇದನ್ನ ಬರೆದದ್ದು ಇಂಥವರು, ಇಂಥ ದಿನ’ ಅಂತ ಯಾರ ಹೆಸರು ಬೇಕಾದ್ರೂ ಹಾಕಬಹುದು. ಒಬ್ಬರ ಕೆಲಸವನ್ನ ಇನ್ನೊಬ್ಬರು ಸೇರಿಸೋದು ಇರತ್ತಲ್ಲ, ಅದಕ್ಕೇ ಆ ಸೌಲಭ್ಯ. ಆದ್ರೆ ಚೀಟಿಯಲ್ಲಿ ಇನ್ನೊಂದು ಸಾಲು ಇರತ್ತೆ. ಬರೆದವರು ಯಾರು ಅನ್ನೋದರ ಕೆಳಗೆ, ಒಳಗೆ ಸೇರಿಸಿದವರು ಯಾರು, ಯಾವಾಗ ಅಂತ. ಎಲ್ಲರೂ ನೋಡೋ ಪಟ್ಟಿಯಲ್ಲಿ ಆ ಸಾಲು ಕಾಣಲ್ಲ.” ಅವಳ ದನಿ ಕುಗ್ಗಿತು. “ಅದು ಎರಡು ದಿನದಿಂದ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ನನ್ನ ಹೆಸರು ನೋಡಿದ ಕೂಡಲೇ ಕಣ್ಣು ಕತ್ತಲೆ ಬಂತು ಸಾರ್. ಕೆಳಗೆ ನೋಡಲೇ ಇಲ್ಲ. ದಿನಾ ಇದೇ ಕೆಲಸ ಮಾಡೋಳು ನಾನು, ನೋಡಲಿಲ್ಲ.”

“ತೋರಿಸು,” ಎಂದರು ಯಜಮಾನರು.

ಅವಳು ಚೀಟಿಯನ್ನು ಪೂರ್ತಿ ಬಿಚ್ಚಿದಳು.

ಬರೆದವರು: ನಾದಿನಿಯ ಹೆಸರು. ಸೋಮವಾರ, ಸಂಜೆ ಐದೂ ನಲವತ್ತು.

ಸೇರಿಸಿದವರು: ರೂಟ್. ಮಂಗಳವಾರ, ಸಂಜೆ ನಾಲ್ಕೂ ಐವತ್ತೆರಡು.

ಯಜಮಾನರು ಪರದೆಯತ್ತ ಬಗ್ಗಿ ಎರಡೂ ಸಾಲನ್ನು ಮತ್ತೆ ಓದಿದರು. 

“ಅದೊಂದೇ ಸಾಕಾಗಲ್ಲ,” ಎಂದ ಬೀಗದಕೈ, ಮೆಲ್ಲಗೆ. ತನ್ನ ಕತ್ತಿಗೆ ಬರುತ್ತಿದ್ದ ಉರುಳು ಅವನಿಗೆ ಕಂಡಿತ್ತು. “ಹಳೇ ಕಮಿಟ್‌ಗಳನ್ನ ಯಾರಾದ್ರೂ ಹಿಂದುಮುಂದು ಜೋಡಿಸಿದ್ರೂ ಎರಡನೇ ದಿನಾಂಕ ಬದಲಾಗತ್ತೆ. ಸೇರಿಸಿದವರ ಹೆಸರನ್ನೂ ಬೇಕಾದ ಹಾಗೆ ಹಾಕಬಹುದು. ಇವರೇ ಮಂಗಳವಾರ ಜೋಡಿಸಿರಬಹುದು.”

“ಜೋಡಿಸಿರಬಹುದು,” ಎಂದಳು ಅತ್ತಿಗೆ. “ಜೋಡಿಸಿ, ಎಲ್ಲಿಂದ ಕಳಿಸಬೇಕು? ಅವಳ ಮೇಜಿನಿಂದ. ಯಾವ ಬಾಗಿಲಿಂದ ಒಳಗೆ ಬರಬೇಕು? ಗಿಟ್ ಖಾತೆಯ ಬಾಗಿಲಿಂದ. ಹಾಗೆ ಬಂದಿದ್ರೆ ಆ ನಾಲ್ಕು ಗೂಡುಗಳ ಒಡೆಯ ಗಿಟ್ ಖಾತೆಯೇ ಆಗಿರ್ತಿತ್ತು. ಅವಳ ಪುಶ್ ಸಲೀಸಾಗಿ ಹೋಗಿರ್ತಿತ್ತು, ನಾವ್ಯಾರೂ ಇಲ್ಲಿ ನಿಂತಿರ್ತಿರಲಿಲ್ಲ. ಇದು ಹೊರಗಿನಿಂದ ಬಂದದ್ದೇ ಅಲ್ಲ. ಯಾರೋ ಇದೇ ಸ್ಟೂಲಿನ ಮೇಲೆ ಕೂತು, ತೆರೆದೇ ಇದ್ದ ಪರದೆಯಲ್ಲಿ, ಅವಳ ಹೆಸರನ್ನ ಟೈಪ್ ಮಾಡಿದ್ದಾರೆ. ತಮ್ಮ ಕೆಲಸ ಮುಗಿಸಿ ಹೋಗುವಾಗ ಹಿಂದೆ ಚಿಲಕ ಬಿತ್ತು ಅನ್ನೋದು ಅವರಿಗೇ ಗೊತ್ತಾಗಲಿಲ್ಲ.”

ಯಜಮಾನರು ಗೋಡೆಗೆ ಕೈ ಊರಿದರು. “ನನ್ನ ಕಂಪನಿಯಲ್ಲಿ? ನನ್ನ ಜನ?”

“ನಾಲ್ಕೂ ಐವತ್ತೆರಡಕ್ಕೆ ಇವರು ನಿಮ್ಮ ಜೊತೆ ಇದ್ದದ್ದು ನಿಜವಾ?”

“ನಿಜ. ಐದೂವರೆವರೆಗೂ ನನ್ನ ಪಕ್ಕದಲ್ಲೇ ಇದ್ದ.” ಬೀಗದಕೈ ಉಸಿರು ಬಿಟ್ಟ. ಯಜಮಾನರು ನಾದಿನಿಯತ್ತ ತಿರುಗಿದರು.  “ಎರಡು ದಿನ ನಿನ್ನನ್ನ ಬಾಯಿಗೆ ಬಂದ ಹಾಗೆ ಬೈದೆ. ಆ ಕಾಗದ ಹರಿದು ಹಾಕಮ್ಮ. ಮಾಡಿದವನನ್ನ ಹುಡುಕಿ ಅವನ ಚರ್ಮ ಸುಲೀತೀನಿ ನಾನು.”

ನಾದಿನಿ ಅಳಲಿಲ್ಲ. ಅವಳು ಆ ಎರಡು ದಿನಾಂಕಗಳನ್ನೇ ನೋಡುತ್ತಿದ್ದಳು. ಅವಳ ಮುಖ ಬಿಳಿಚಿಕೊಳ್ಳುತ್ತಿರುವುದನ್ನು ಅತ್ತಿಗೆ ಕಂಡಳು.

“ಏನಾಯ್ತೇ?”

“ಅತ್ತಿಗೆ, ಲಿಫ್ಟು ಕೆಟ್ಟದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ. ಈ ಬದಲಾವಣೆ ಹುಟ್ಟಿದ್ದೇ ಆಮೇಲೆ ಐದೂವರೆ ಗಂಟೆ ಕಳೆದು.” ಅವಳು ನಿಧಾನವಾಗಿ, ತಾನೇ ಒಂದೊಂದು ಮಾತನ್ನೂ ತೂಗಿ ನೋಡುವವಳಂತೆ ಹೇಳಿದಳು. “ಅಂದ್ರೆ ಲಿಫ್ಟಿನೊಳಗೆ ಎಂಬತ್ತು ಯಾವತ್ತೂ ಇರಲೇ ಇಲ್ಲ. ಆ ನರ್ಸಮ್ಮನ ಕಾಲು ಹೋದಾಗ ಅದರೊಳಗಿದ್ದದ್ದು ಹಳೇ ಎಂಟುನೂರೇ.”

“ಹೌದು, ಅದಕ್ಕೇನು—” ಎಂದು ಶುರುಮಾಡಿದ ಯಜಮಾನರು ಅಲ್ಲೇ ನಿಂತರು.

“ಇವತ್ತು ಅದರೊಳಗೆ ಏನು ಹಾಕಿದ್ದೀರಿ?” ಅತ್ತಿಗೆ ಕೇಳಿದಳು.

ಬೀಗದಕೈ ಉತ್ತರ ಕೊಟ್ಟ.  “ಎಂಟುನೂರು. ತಪ್ಪು ಸರಿಹೋಯ್ತು ಅಂತ ಬರೆದುಕೊಟ್ಟು ಬಂದ್ವಿ. ಬೆಳಿಗ್ಗೆ ಹನ್ನೊಂದರಿಂದ ಓಡ್ತಾ ಇದೆ.”

“ಅದ್ಯಾವ ತಪ್ಪು? ಇಲ್ಲದ ತಪ್ಪನ್ನ ಸರಿ ಮಾಡಿ ಬಂದಿದ್ದೀರಿ!” ನಾದಿನಿ ಕಿರುಚಿದಳು. “ಬಾಗಿಲಿನ ಸ್ವಿಚ್ಚು ಒಂದು ಸಲ ‘ಮುಚ್ಚಿದೆ’ ಅಂದ್ರೆ ಸಾಕು, ಕೋಡು ಕಣ್ಮುಚ್ಚಿ ನಂಬತ್ತೆ. ಸ್ವಿಚ್ಚು ಅಂಟಿಕೊಂಡ್ರೆ ಎಷ್ಟು ಹೊತ್ತು ಕಾದ್ರೂ ಪ್ರಯೋಜನವಿಲ್ಲ. ಎರಡು ಸಲ ಕೇಳಬೇಕು. ನನ್ನ ಮದ್ದು ಅದೇ ಸಾರ್! ಅಪಘಾತವಾದ ಲಿಫ್ಟು ಹೇಗಿತ್ತೋ ಈಗಲೂ ಹಾಗೇ ಇದೆ. ಅದೇ ಕೋಡಿನ ಇನ್ನೂ ಎಂಟು ಲಿಫ್ಟು ಹೊರಗಿದೆ!”

ಅವಳ ಫೋನು ಆಗಲೇ ಕಿವಿಗೆ ಹೋಗಿತ್ತು. ಇಕ್ಕಟ್ಟಿನ ಕೋಣೆಯಲ್ಲಿ ಆ ಕಡೆ ಕರೆ ಹೋಗುವ ಸದ್ದು ಎಲ್ಲರಿಗೂ ಕೇಳಿಸಿತು. ಆಸ್ಪತ್ರೆಯ ಸ್ವಾಗತ ಮೇಜಿನಿಂದ ಒಂದು ಹೆಣ್ಣು ದನಿ ಉತ್ತರಿಸಿತು.

“ಮೇಡಂ, ಲಿಫ್ಟ್ ಕಂಪನಿಯಿಂದ. ನಿಮ್ಮ ಲಿಫ್ಟನ್ನ ಈಗಲೇ ನಿಲ್ಲಿಸಿ. ಈಗಲೇ. ಯಾರನ್ನೂ ಹತ್ತಿಸಬೇಡಿ.”

“ನಿಲ್ಸೋದಾ? ಬೆಳಿಗ್ಗೆ ತಾನೇ ನಿಮ್ಮವರು ಸರಿಯಾಯ್ತು ಅಂದ್ರಲ್ಲ. ಮೂರನೇ ಮಹಡಿಯಿಂದ ಇಬ್ಬರು ಪೇಶೆಂಟನ್ನ ಸ್ಟ್ರೆಚರಲ್ಲಿ ಇಳಿಸ್ತಾ ಇದ್ದಾರೆ. ಇದನ್ನ ಹೇಳ್ತಿರೋದು ಯಾರು? ನಿಮ್ಮ ದೊಡ್ಡವರು ಹೇಳ್ಬೇಕಲ್ವಾ?”

ನಾದಿನಿ ಫೋನನ್ನು ಯಜಮಾನರತ್ತ ಚಾಚಿದಳು. “ಹೇಳಿ ಸಾರ್. ಬೇಗ ಹೇಳಿ.”

ಯಜಮಾನರು ಫೋನು ತೆಗೆದುಕೊಂಡರು. ಮೇಲೆ, ಮುಂಬಾಗಿಲಿನಲ್ಲಿ ಕಾವಲುಗಾರ ಯಾರಿಗೋ ದಾರಿ ತೋರಿಸುತ್ತಿದ್ದ. ಇನ್‌ಸ್ಪೆಕ್ಟರು ಹೊತ್ತಿಗೆ ಮುಂಚೆಯೇ ಬಂದಿದ್ದರು. ಭಾರವಾದ ಬೂಟುಗಳ ಸದ್ದು ಅವರ ತಲೆಯ ಮೇಲೇ ಹಾದುಹೋಯಿತು.

ಯಜಮಾನರು ಆ ಸದ್ದು ಮುಗಿಯುವ ತನಕ ಛಾವಣಿ ನೋಡಿದರು. ಇನ್ನೂ ಎಂಟು ಲಿಫ್ಟು. ಎಂಟೂ ಸುರಕ್ಷಿತ ಎಂದು ಅವರದೇ ಸಹಿ. ಅತ್ತಿಗೆ ಅವರ ಮುಖದಿಂದ ಕಣ್ಣು ಕೀಳಲಿಲ್ಲ. ಎರಡು ದಿನದಿಂದ ಅಲ್ಲಿ ಉರಿಯುತ್ತಿದ್ದ ಸಿಟ್ಟು ಇದ್ದಕ್ಕಿದ್ದಂತೆ ಆರಿಹೋಯಿತು. ಅದರ ಜಾಗದಲ್ಲಿ ಬಂದ ಶಾಂತಿ ಅವಳಿಗೆ ಹಿಡಿಸಲಿಲ್ಲ.

“ನಾನು ಯಜಮಾನ ಮಾತಾಡ್ತಿದ್ದೀನಮ್ಮ,” ಎಂದರು ಅವರು ಫೋನಿಗೆ, ತುಂಬ ಮೃದುವಾಗಿ. “ಅವಳ ಮಾತು ಬಿಡಿ, ಅವಳು ಈಗ ನಮ್ಮ ಕೆಲಸದಲ್ಲಿಲ್ಲ. ಲಿಫ್ಟು ಸರಿಯಾಗಿದೆ. ಓಡಿಸಿ.”